ಗಾಜಿನ ಬಾಗಿಲೂ ನ್ಯಾಯವಾದ ಅಳತೆಯೂ

(ಕಾಸರಗೋಡು ಕಡೆಯ ದುಡಿಯುವವರ ಕೂಟದಲ್ಲಿ ಮಾಡಿದ ಭಾಷಣದ ಬರಹ)



ಒಂದೊಂದು ಕೂಟದಲ್ಲಿ ಒಂದೊಂದು ಕಸುಬಿನವರು ತಮ್ಮ ಕೆಲಸದ ವಿಚಾರ ಹೇಳಬೇಕೆಂಬ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಬೀಡಿ ಕಟ್ಟುವ ಸಹೋದರಿಯರು, ಗಾರೆ ಕೆಲಸದವರು, ಮರದ ಕೆಲಸದವರು ಹಿಂದೆ ಮಾತನಾಡಿದ್ದಾರೆ. ಈ ಸಲ ಗಾಜು ಕೂರಿಸುವ ನಮ್ಮ ಸರದಿ ಬಂದಿದೆ. ಗಾಜಿನ ಕೆಲಸವನ್ನೆಲ್ಲ ಒಂದು ಗಂಟೆಯಲ್ಲಿ ಹೇಳಿ ಮುಗಿಸಲಾಗದು. ಆದುದರಿಂದ ಒಂದೇ ವಿಷಯವನ್ನು ಎತ್ತಿಕೊಂಡಿದ್ದೇವೆ. ಗೋಡೆಯಲ್ಲಿ ಕಟ್ಟಿದ ಕಪಾಟಿಗೆ ಚೌಕಟ್ಟಿಲ್ಲದ ಗಾಜಿನ ಬಾಗಿಲನ್ನು ಅಳತೆ ತೆಗೆದು ಕೂರಿಸುವುದು ಹೇಗೆ, ಆ ಕೆಲಸದಲ್ಲಿ ನಷ್ಟವಾದರೆ ಅದು ಯಾರ ತಲೆಯ ಮೇಲೆ ಬರಬೇಕು ಎಂಬುದೇ ಆ ವಿಷಯ.

ಇದು ಗಾಜಿನವರಿಗೆ ಮಾತ್ರ ಸೇರಿದ್ದೆಂದು ಉಳಿದವರು ತಿಳಿಯಬಾರದು. ಆ ಕಪಾಟನ್ನು ಕಟ್ಟುವವರು ಗಾರೆಯವರು. ಅದಕ್ಕೆ ಪಟ್ಟಿ ಹೊಡೆಯುವವರು ಆಚಾರಿಗಳು. ದಿನವೂ ಆ ಗಾಜನ್ನು ಒರೆಸುವವರು ಮನೆಗೆಲಸದ ಸಹೋದರಿಯರು. ಬಾಗಿಲು ಒಡೆದ ದಿವಸ ಬೈಗುಳ ಕೇಳುವವರು ಇವರೇ. ಆದುದರಿಂದ ಎಲ್ಲರೂ ಕಿವಿಗೊಡಬೇಕೆಂದು ಬೇಡುತ್ತೇವೆ.

ಗಾಜಿಗೆ ಕೀಸುಳಿ ಇಲ್ಲ

ನಮ್ಮ ಹಿರಿಯರ ಕಾಲದ ಕಪಾಟಿನ ಬಾಗಿಲಿಗೆ ಮರದ ಚೌಕಟ್ಟು ಇರುತ್ತಿತ್ತು. ಅದರ ನಡುವೆ ತೆಳುವಾದ ಗಾಜನ್ನು ಇಟ್ಟು, ಸುತ್ತ ಪಟ್ಟಿ ಹೊಡೆಯುತ್ತಿದ್ದರು. ಮುಂಗಾರು ಹಿಡಿದು ಮರ ಉಬ್ಬಿ ಬಾಗಿಲು ಬಿಗಿಯಾದರೆ ಆಚಾರಿಯನ್ನು ಕರೆಯುತ್ತಿದ್ದರು. ಆತ ಬಂದು ಕೀಸುಳಿಯಿಂದ ಎರಡು ಸಲ ಎಳೆದರೆ ಬಾಗಿಲು ಸರಿಯಾಗುತ್ತಿತ್ತು. ಗೋಡೆ ಸ್ವಲ್ಪ ಓರೆಯಾಗಿದ್ದರೂ ಚೌಕಟ್ಟಿನ ಒಂದು ಬದಿಯನ್ನು ಕೀಸಿ ಹೊಂದಿಸುತ್ತಿದ್ದರು. ತಪ್ಪನ್ನು ಆಮೇಲೆ ತಿದ್ದಲು ಮರ ಅವಕಾಶ ಕೊಡುತ್ತದೆ.

ಈಗ ಬಂದಿರುವ ಬಾಗಿಲಿಗೆ ಚೌಕಟ್ಟೇ ಇಲ್ಲ. ಗಾಜಿನ ಹಲಗೆಯೇ ಬಾಗಿಲು. ಅದನ್ನು ಬಿಜಾಗರಿ ನೇರವಾಗಿ ಹಿಡಿಯುತ್ತದೆ. ಗಲ್ಫಿಗೆ ಹೋಗಿ ದುಡಿದು ಬಂದವರ ಮನೆಗಳಲ್ಲಿ ಮೊದಲು ಇದನ್ನು ಕಂಡೆವು. ಈಗ ಸಾಧಾರಣ ಮನೆಯ ಅಡಿಗೆಕೋಣೆಗೂ ಬಂದಿದೆ. ನೋಡಲು ಚೆಂದ, ಒರೆಸಲು ಸುಲಭ, ಗೆದ್ದಲು ಹಿಡಿಯುವ ಭಯವಿಲ್ಲ. ಆದರೆ ಇದರಲ್ಲಿ ಒಂದು ಕಠಿಣವಾದ ನಿಯಮವಿದೆ. ಗಾಜಿಗೆ ಕೀಸುಳಿ ಇಲ್ಲ.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರಿಸಬೇಕು. ಚೌಕಟ್ಟಿಲ್ಲದ ಬಾಗಿಲಿಗೆ ಹಾಕಬೇಕಾದದ್ದು ಟಫನ್ಡ್ ಗಾಜು. ಸಾದಾ ಗಾಜನ್ನು ಮೊದಲು ಬೇಕಾದ ಅಳತೆಗೆ ಕೊಯ್ದು, ಅಂಚು ಉಜ್ಜಿ, ತೂತು ಬೇಕಾದಲ್ಲಿ ಕೊರೆದು, ಕುಲುಮೆಯಲ್ಲಿ ಸುಮಾರು 620ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕೂಡಲೇ ಎರಡೂ ಮುಖಕ್ಕೆ ಗಾಳಿ ಹೊಡೆದು ತಣಿಸುತ್ತಾರೆ. ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ತಣಿದು ಕುಗ್ಗುತ್ತದೆ. ಹೀಗೆ ಹೊರಮೈ ಒತ್ತಡದಲ್ಲಿಯೂ ಒಳಭಾಗ ಸೆಳೆತದಲ್ಲಿಯೂ ನಿಲ್ಲುತ್ತದೆ. ಇದರಿಂದ ಗಾಜಿಗೆ ಸಾದಾ ಗಾಜಿನ ನಾಲ್ಕೈದು ಪಟ್ಟು ಬಲ ಬರುತ್ತದೆ. ಆದರೆ ಆ ಬಳಿಕ ಅದನ್ನು ಕೊಯ್ಯಲಾಗದು, ತೂತು ಕೊರೆಯಲಾಗದು, ಅಂಚನ್ನು ಒಂದು ಮಿಲಿಮೀಟರ್ ಉಜ್ಜಲೂ ಆಗದು. ಕೊಯ್ಯಲು ಹೋದರೆ ಹಲಗೆ ಪೂರ್ತಿ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ.

ನಮ್ಮ ಕರಾವಳಿಯಲ್ಲಿ ಒಂದೇ ಅಚ್ಚಿನ ವಸ್ತುವಿನ ಅಭ್ಯಾಸ ಹಳೆಯದು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಒಂದೇ ಅಳತೆಯ ಹಂಚು ಊರೂರಿಗೆ ಹೋಯಿತು. ಒಂದು ಹಂಚು ಒಡೆದರೆ ಅಂಥದೇ ಇನ್ನೊಂದನ್ನು ತಂದು ಹೊದಿಸಬಹುದು. ಗೋಡೆ ಕಪಾಟಿನ ಗಾಜು ಹಾಗಲ್ಲ. ಒಂದು ಮನೆಯ ಒಂದು ಕಪಾಟಿಗೆ ಮಾಡಿಸಿದ ಹಲಗೆ ಪಕ್ಕದ ಕಪಾಟಿಗೇ ಹೊಂದುವುದಿಲ್ಲ. ಅಳತೆ ತಪ್ಪಿದ ಹಲಗೆ ಬರೀ ಕಸ. ಆದುದರಿಂದ ಈ ಕಸುಬಿನಲ್ಲಿ ಸತ್ಯವೆಲ್ಲ ಮೊದಲೇ ಇರಬೇಕು. ಕುಲುಮೆಗೆ ಹೋದ ಮೇಲೆ ತಿದ್ದುಪಡಿ ಇಲ್ಲ.

ಸಾದಾ ಗಾಜು ಸಾಕೆನ್ನುವವರಿಗೆ

ಖರ್ಚು ಉಳಿಯುತ್ತದೆ, ಬೇಗ ಸಿಕ್ಕುತ್ತದೆ, ತಪ್ಪಿದರೆ ಮತ್ತೆ ಕೊಯ್ಯಬಹುದು, ಆದುದರಿಂದ ಸಾದಾ ಗಾಜನ್ನೇ ಹಾಕಿಬಿಡಿ ಎಂದು ಹೇಳುವವರಿದ್ದಾರೆ. ಚೌಕಟ್ಟಿನೊಳಗಿನ ಸಾದಾ ಗಾಜು ಸೀಳಿದರೂ ಚೂರುಗಳನ್ನು ಚೌಕಟ್ಟು ಸ್ವಲ್ಪ ಮಟ್ಟಿಗೆ ಹಿಡಿದುಕೊಳ್ಳುತ್ತದೆ. ಚೌಕಟ್ಟಿಲ್ಲದ್ದಕ್ಕೆ ಆ ಹಿಡಿತವಿಲ್ಲ. ಉದ್ದುದ್ದ ಕತ್ತಿಯಂಥ ಚೂರುಗಳು ನೇರವಾಗಿ ಕೆಳಗೆ ಬೀಳುತ್ತವೆ. ಕೆಳಗೆ ಯಾರಿರುತ್ತಾರೆ? ಅಡಿಗೆ ಮಾಡುವ ಹೆಂಗಸು, ನೆಲದ ಮೇಲೆ ಅಂಬೆಗಾಲಿಡುವ ಮಗು, ಬಟ್ಟೆ ಹಿಡಿದು ಒರೆಸುವ ಕೆಲಸದ ಸಹೋದರಿ.

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಗೆ ತಟ್ಟುತ್ತದೆ ಎಂಬ ಆಜ್ಞೆಯನ್ನು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನದಲ್ಲಿ ನೀವು ಓದಿದ್ದೀರಿ. ಆರಾಧನೆಯ ವಿಧಿಗಳ ಜೊತೆಯಲ್ಲಿಯೇ ಕಟ್ಟಡ ಕೆಲಸದ ಈ ಎಚ್ಚರಿಕೆಯನ್ನೂ ದೇವರು ಮೋಶೆಯ ಮೂಲಕ ಕೊಡಿಸಿದ್ದಾನೆ. ನಮ್ಮ ಕಾಲದ ಕಪಾಟಿಗೆ ಟಫನ್ಡ್ ಗಾಜು ಹಾಕುವುದೂ ಅಂಥದೇ ಒಂದು ಕೈಪಿಡಿ ಗೋಡೆ ಎಂದು ನಾವು ನಂಬುತ್ತೇವೆ.

ಗಾಜು ಮನೆಗೆ ಬಂದಾಗ ಮೂಲೆಯನ್ನು ನೋಡಿರಿ. ಟಫನ್ಡ್ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಸಣ್ಣ ಗುರುತು ಇರಬೇಕು. ಸುರಕ್ಷಿತ ಗಾಜಿಗೆ ಭಾರತೀಯ ಮಾನಕ ಸಂಸ್ಥೆಯ ಮಾನಕದ ಸಂಖ್ಯೆ 2553. ಕಟ್ಟಡಗಳ ಗಾಜು ಅದರ ಮೊದಲನೆಯ ಭಾಗದಲ್ಲಿ ಬರುತ್ತದೆ. ಗುರುತಿಲ್ಲದ ಹಲಗೆಯನ್ನು ಟಫನ್ಡ್ ಎಂದು ಹೇಳಿ ಕೊಟ್ಟರೆ ಕೂರಿಸುವ ಮುಂಚೆಯೇ ಕೇಳಿರಿ.

ಅಳತೆ ಯಾವಾಗ, ಹೇಗೆ

ಮೊದಲ ಮಾತು ಸಮಯದ್ದು. ಸಾರಣೆ, ಟೈಲ್ಸು, ಪುಟ್ಟಿ, ಬಣ್ಣ ಎಲ್ಲ ಮುಗಿದ ಮೇಲೆಯೇ ಅಳತೆ ತೆಗೆಯಬೇಕು. ಮನೆ ಒಕ್ಕಲಿನ ದಿನ ಹತ್ತಿರವಾಯಿತು, ಈಗಲೇ ಅಳತೆ ಕೊಡಿ ಎಂದು ಗುತ್ತಿಗೆದಾರರು ಅವಸರ ಮಾಡುತ್ತಾರೆ. ಹಸಿ ಗೋಡೆಯ ಅಳತೆ ಕೊಟ್ಟು ಆಮೇಲೆ ಎರಡೂ ಕಡೆ 12 ಮಿಲಿಮೀಟರ್ ಸಾರಣೆ ಬಿದ್ದರೆ ಕಪಾಟಿನ ಬಾಯಿ 24 ಮಿಲಿಮೀಟರ್ ಕಿರಿದಾಗುತ್ತದೆ. ಗಾಜು ಕಿರಿದಾಗುವುದಿಲ್ಲ.

ಎರಡನೆಯದು, ನಮ್ಮ ಮುರಕಲ್ಲಿನ ಗೋಡೆಯ ಸ್ವಭಾವ. ಕಲ್ಲು ಒರಟು, ಸಾರಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಣ್ಣಿಗೆ ನೇರವಾಗಿ ಕಂಡ ಬಾಯಿ ಟೇಪಿಗೆ ನೇರವಾಗಿರುವುದಿಲ್ಲ. ಆದುದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ತೆಗೆಯಿರಿ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ತೆಗೆಯಿರಿ. ಆರು ಅಂಕಿಗಳನ್ನೂ ಬರೆಯಿರಿ. ಲೆಕ್ಕಕ್ಕೆ ಹಿಡಿಯುವುದು ಅತಿ ಚಿಕ್ಕದನ್ನು.

ಮೂರನೆಯದು, ಮೂಲೆಯಿಂದ ಮೂಲೆಗೆ ಎರಡೂ ಅಡ್ಡ ಅಳತೆಗಳು. ಅವು ಸಮವಾಗಿದ್ದು, ಎದುರುಬದುರಿನ ಬದಿಗಳೂ ಸಮವಾಗಿದ್ದರೆ ಬಾಯಿ ಮಟ್ಟಸವಾಗಿದೆ ಎಂದು ಅರ್ಥ. ಸಮವಿಲ್ಲದಿದ್ದರೆ ಓರೆ ಇದೆ. ಎಷ್ಟು ಓರೆ? ಸುಮಾರು 900 ಅಗಲ, 600 ಎತ್ತರದ ಬಾಯಿಯಲ್ಲಿ ಅಡ್ಡ ಅಳತೆ ಒಂದು 1084, ಇನ್ನೊಂದು 1076 ಮಿಲಿಮೀಟರ್ ಬಂತೆನ್ನಿ. ವ್ಯತ್ಯಾಸ ಎಂಟೇ ಮಿಲಿಮೀಟರ್. ಆದರೆ ಪಕ್ಕದ ಗೋಡೆಗಳು ಆ ಎತ್ತರದಲ್ಲಿ ಸುಮಾರು 5 ಮಿಲಿಮೀಟರ್ ಒಂದೇ ಕಡೆಗೆ ವಾಲಿವೆ ಎಂದಾಯಿತು. ನೇರವಾದ ಗಾಜನ್ನು ಅಲ್ಲಿ ನೇರವಾಗಿ ನಿಲ್ಲಿಸಿದರೆ ಸಂದು ಮೇಲೆ 2 ಮಿಲಿಮೀಟರ್, ಕೆಳಗೆ 7 ಮಿಲಿಮೀಟರ್ ಕಾಣುತ್ತದೆ. ಮನೆಯವರು ಗಾಜು ಸೊಟ್ಟ ಎನ್ನುತ್ತಾರೆ. ಸೊಟ್ಟವಾದದ್ದು ಗೋಡೆ. ಅಳತೆಯ ದಿನವೇ ತೂಗುಗುಂಡು ಬಿಟ್ಟು ಅವರಿಗೆ ತೋರಿಸಿದರೆ ಆ ಮಾತು ಬರುವುದಿಲ್ಲ.

ಹೀಗೆ ಓರೆ ಕಂಡಾಗ ಮಾಡಬಹುದಾದದ್ದು ಮೂರು. ಗಾರೆಯವರನ್ನು ಕರೆಸಿ ಬಾಯಿಯನ್ನು ಸರಿಪಡಿಸುವುದು ಉತ್ತಮ. ಅದಾಗದಿದ್ದರೆ ಬಾಯಿಯ ಒಳಸುತ್ತಿಗೆ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂದೆ ಚಕ್ಕೆ ಕೊಟ್ಟು ಗುಂಡಿಗೆ ಸರಿಯಾಗಿ ನಿಲ್ಲಿಸುವುದು. ಇದರಿಂದ ಇನ್ನೊಂದು ಲಾಭವೂ ಇದೆ. ಮುರಕಲ್ಲಿನ ಅಂಚಿನಲ್ಲಿ ಸ್ಕ್ರೂ ಗಟ್ಟಿಯಾಗಿ ನಿಲ್ಲುವುದಿಲ್ಲ, ಪಟ್ಟಿಯಲ್ಲಿ ನಿಲ್ಲುತ್ತದೆ. ಮೂರನೆಯ ದಾರಿ, ಬಾಗಿಲನ್ನು ಬಾಯಿಯ ಒಳಗೆ ಕೂರಿಸದೆ ಬಾಯಿಯ ಮೇಲೆ ಮುಚ್ಚುವಂತೆ ಮಾಡುವುದು. ಸುತ್ತ 10 ಮಿಲಿಮೀಟರ್ ಹೆಚ್ಚಿಗೆ ಇಟ್ಟರೆ ಗೋಡೆಯ ಓರೆ ಗಾಜಿನ ಹಿಂದೆ ಮರೆಯಾಗುತ್ತದೆ. ಆದರೆ ಪಕ್ಕದಲ್ಲಿ ಸ್ವಿಚ್ಚಿನ ಪೆಟ್ಟಿಗೆ, ನಲ್ಲಿ, ಇನ್ನೊಂದು ಬಾಗಿಲು ಇದ್ದರೆ ಇದು ನಡೆಯದು.

ಒಳಗಿನ ಅರೆಗಳನ್ನೂ ನೋಡಬೇಕು. ಬಾಗಿಲು ಒಳಗೆ ಕೂರುವುದಾದರೆ ಅರೆಯ ಹಲಗೆ ಬಾಯಿಯ ಅಂಚಿಗಿಂತ ಹಿಂದೆ ಸರಿದಿರಬೇಕು. ಗಾಜಿನ ದಪ್ಪ, ಬಿಜಾಗರಿ, ಅಯಸ್ಕಾಂತದ ಹಿಡಿ ಇವಕ್ಕೆ 20 ಮಿಲಿಮೀಟರ್ ಆದರೂ ಜಾಗ ಬೇಕು. ಕಡಪ ಕಲ್ಲಿನ ಅರೆಯನ್ನು ಅಂಚಿನವರೆಗೆ ತಂದು ನಿಲ್ಲಿಸಿದ ಮೇಲೆ ಅದನ್ನು ಹಿಂದೆ ತಳ್ಳಲು ಬರುವುದಿಲ್ಲ. ಗಾರೆಯ ಸಹೋದರರು ಇದನ್ನು ನೆನಪಿಡಬೇಕು.

ಲೆಕ್ಕ ಹಾಕುವ ಕ್ರಮ

ಬಿಜಾಗರಿ ಕೈಯಲ್ಲಿಲ್ಲದೆ ಗಾಜಿನ ಲೆಕ್ಕ ಬರೆಯಬೇಡಿ. ಮೊದಲು ಬಿಜಾಗರಿ ಕೊಳ್ಳಿರಿ, ಆಮೇಲೆ ಗಾಜು ಹೇಳಿರಿ. ಒಂದು ಬಗೆಯದು ಮೇಲೊಂದು ಕೆಳಗೊಂದು ನಿಲ್ಲುವ ಪಿವಟ್ ಬಿಜಾಗರಿ. ಇದು ಗಾಜಿನ ಮೂಲೆಯನ್ನು ಕಚ್ಚಿ ಹಿಡಿಯುತ್ತದೆ, ತೂತು ಬೇಡ. ಇನ್ನೊಂದು ಬಗೆಗೆ ಗಾಜಿನಲ್ಲಿ ತೂತು ಬೇಕು. ಕೆಲವಕ್ಕೆ 26 ಮಿಲಿಮೀಟರ್, ಕೆಲವಕ್ಕೆ 35 ಮಿಲಿಮೀಟರ್. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಗಾಜಿನ ದಪ್ಪದ ಎರಡರಷ್ಟಾದರೂ ಉಳಿಯಬೇಕು. ಪಿವಟಿಗೆ ಮೇಲೆ ಕೆಳಗೆ ಎಷ್ಟು ಸಂದು ಬೇಕು, ಎಷ್ಟು ದಪ್ಪದ ಗಾಜು ಹಿಡಿಸುತ್ತದೆ, ಎಷ್ಟು ತೂಕ ತಾಳುತ್ತದೆ ಎಂಬುದು ಅದರ ಜೊತೆಗೆ ಬರುವ ಕಾಗದದಲ್ಲಿರುತ್ತದೆ. ಆ ಕಾಗದವನ್ನು ಬಿಸಾಡಬೇಡಿ.

ಈಗ ಒಂದು ಲೆಕ್ಕ ಮಾಡೋಣ. ಅಗಲದ ಮೂರು ಅಳತೆ 902, 900, 898. ಎತ್ತರದ ಮೂರು ಅಳತೆ 603, 601, 600. ಹಿಡಿಯುವುದು 898 ಮತ್ತು 600. ಇಷ್ಟು ಅಗಲಕ್ಕೆ ಒಂದೇ ಬಾಗಿಲು ಬೇಡ. ಅಗಲ ಹೆಚ್ಚಿದಷ್ಟು ಬಿಜಾಗರಿಯ ಮೇಲೆ ಎಳೆತ ಹೆಚ್ಚು. 450 ಮಿಲಿಮೀಟರಿಗಿಂತ ಅಗಲವಾದರೆ ನಾವು ಎರಡು ಬಾಗಿಲು ಮಾಡುವ ರೂಢಿ. ಎಡಗಡೆ 3, ಬಲಗಡೆ 3, ಎರಡು ಬಾಗಿಲುಗಳ ನಡುವೆ 3 ಹೀಗೆ ಒಟ್ಟು 9 ಮಿಲಿಮೀಟರ್ ಸಂದು. 898ರಲ್ಲಿ 9 ಕಳೆದರೆ 889. ಅದರ ಅರ್ಧ 444 ಅರೆ. ಅರೆಯನ್ನು ಬಿಡಿ, 444 ಎಂದು ಬರೆಯಿರಿ. ಎತ್ತರದಲ್ಲಿ ಮೇಲೆ 3, ಕೆಳಗೆ 3 ಎಂದು ಕಾಗದ ಹೇಳಿದರೆ 594. ಒಂದೊಂದು ಬಾಗಿಲು 444 ಅಗಲ, 594 ಎತ್ತರ.

ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು ಒಂದೊಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಗುತ್ತದೆ. ಮೇಲಿನ ಬಾಗಿಲನ್ನು 5 ಮಿಲಿಮೀಟರ್ ಗಾಜಿನಲ್ಲಿ ಮಾಡಿದರೆ 3.3 ಕಿಲೊ. ದಪ್ಪ ಹೆಚ್ಚಿದರೆ ಗಟ್ಟಿ ಎಂದು ಮನೆಯವರು 8 ಮಿಲಿಮೀಟರ್ ಕೇಳಿದರೆ ಅದೇ ಬಾಗಿಲು 5.3 ಕಿಲೊ ಆಗುತ್ತದೆ. ಬಿಜಾಗರಿ ಅದನ್ನು ಹೊರುತ್ತದೆಯೇ ಎಂದು ನೋಡಿ ಹೇಳಬೇಕು. ಗಾಜು ಗಟ್ಟಿಯಾಗಿದ್ದು ಬಿಜಾಗರಿ ಜಗ್ಗಿದರೆ ಏನು ಪ್ರಯೋಜನ?

ಇಂಚಿನ ವಿಷಯವನ್ನೂ ಹೇಳಬೇಕು. ನಮ್ಮ ಗಾರೆಯವರೂ ಆಚಾರಿಗಳೂ ಇಂದಿಗೂ ಇಂಚು, ನೂಲಿನಲ್ಲಿ ಮಾತಾಡುತ್ತಾರೆ. ಇಂಚಿಗೆ ಎಂಟು ನೂಲು. ಒಂದು ನೂಲೆಂದರೆ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಮರದ ಕೆಲಸದಲ್ಲಿ ಒಂದು ನೂಲು ಆಚೆ ಈಚೆ ಆದರೆ ಯಾರೂ ಕೇಳುವುದಿಲ್ಲ. ನಾವು ಬಿಟ್ಟ ಸಂದೇ 3 ಮಿಲಿಮೀಟರ್. ಒಂದು ನೂಲು ತಪ್ಪಿದರೆ ಸಂದು ಪೂರ್ತಿ ಹೋಯಿತು. ಗಾಜಿಗೆ ಮಿಲಿಮೀಟರ್ ಟೇಪನ್ನೇ ಹಿಡಿಯಿರಿ, ಇಂಚಿನಿಂದ ತಿರುಗಿಸಬೇಡಿ. ಅಳೆಯುವವರೂ ಬರೆಯುವವರೂ ಒಂದೇ ಟೇಪಿನ ಮೇಲೆ ನಿಲ್ಲಿರಿ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಡಬಾರದೆಂಬ ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದ ಆಜ್ಞೆ ವ್ಯಾಪಾರದ ಮೋಸಕ್ಕೆ ಹೇಳಿದ್ದು. ಆದರೆ ಒಂದು ಕೆಲಸಕ್ಕೆ ಎರಡು ಅಳತೆ ಇದ್ದರೆ ಮೋಸ ಮಾಡುವ ಮನಸ್ಸಿಲ್ಲದೆಯೂ ನಷ್ಟವಾಗುತ್ತದೆ ಎಂಬುದು ಕಸುಬಿನವರಿಗೆ ಗೊತ್ತು.

ಮೂರು ಭಾಷೆಯ ಚೀಟಿ

ಗಡಿನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕು ಇದೆ. ಅಳತೆಯನ್ನು ನಾವು ಕನ್ನಡದಲ್ಲಿ ಬರೆಯುತ್ತೇವೆ. ಅಂಗಡಿಯವರು ಅದನ್ನು ಮಲಯಾಳದಲ್ಲಿ ಕೇಳಿ ತಮ್ಮ ಪುಸ್ತಕಕ್ಕೆ ಇಳಿಸುತ್ತಾರೆ. ಕಾರ್ಖಾನೆಗೆ ಅದು ಇಂಗ್ಲಿಷಿನಲ್ಲಿ ಹೋಗುತ್ತದೆ. ಒಬ್ಬರು ಅಗಲವನ್ನು ಮೊದಲು ಬರೆಯುತ್ತಾರೆ, ಇನ್ನೊಬ್ಬರು ಎತ್ತರವನ್ನು. ಅಂಗಡಿಯಲ್ಲಿ ‘ವೀತಿ’ ಎಂದರೆ ಅಗಲ. ನಮ್ಮ ಹುಡುಗರಿಗೆ ಅದು ಬೀದಿ ಎಂದು ಕೇಳಿಸಿ ನಗುತ್ತಾರೆ. ನಗು ಸರಿಯೇ, ಆದರೆ 444 ಮತ್ತು 594 ಅದಲು ಬದಲಾಗಿ ತೂತು ಬೇರೆ ಬದಿಗೆ ಬಂದರೆ ನಗುವವರಿಲ್ಲ.

ಆದುದರಿಂದ ಮಾತಿನ ಮೇಲೆ ನಿಲ್ಲದೆ ಚಿತ್ರ ಬರೆಯಿರಿ. ಒಂದು ಚೌಕ ಬರೆದು ಮೇಲ್ಗಡೆಗೆ ಬಾಣದ ಗುರುತು ಹಾಕಿರಿ. ಅಗಲದ ಅಂಕಿಯನ್ನು ಅಡ್ಡಗೆರೆಯ ಮೇಲೂ ಎತ್ತರದ ಅಂಕಿಯನ್ನು ಉದ್ದಗೆರೆಯ ಬದಿಗೂ ಬರೆಯಿರಿ. ಬಿಜಾಗರಿಯ ಬದಿಯನ್ನು, ತೂತಿದ್ದರೆ ಅದರ ನಡುವಿನಿಂದ ಎರಡು ಅಂಚಿಗೂ ಇರುವ ದೂರವನ್ನು, ಗಾಜಿನ ದಪ್ಪವನ್ನು ಗುರುತಿಸಿರಿ. ಕಪಾಟಿನ ಎದುರು ನಿಂತು ನೋಡಿದಂತೆ ಎಡ ಬಲ ಎಂದು ಒಂದು ಸಾಲು ಸೇರಿಸಿರಿ. ಅಂಚು ಉಜ್ಜಿ ಮುಗಿದ ಮೇಲಿನ ಅಳತೆ ಎಂಬುದನ್ನು ತಪ್ಪದೆ ಬರೆಯಿರಿ. ಅಂಕಿಗೂ ಚಿತ್ರಕ್ಕೂ ಭಾಷೆ ಬೇಡ. ಅದನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಅಂಗಡಿಯವರ ರುಜು ಪಡೆದು ನಿಮ್ಮಲ್ಲಿ ಇಟ್ಟುಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೂ ಆದೀತು, ಆದರೆ ರುಜು ಬೇರೆ, ಚಿತ್ರ ಬೇರೆ.

ಕೂರಿಸುವುದು

ಗಾಜು ಬಂದ ದಿನ ಮೊದಲು ಅದನ್ನೇ ಅಳೆಯಿರಿ. ಕಾರ್ಖಾನೆಯಲ್ಲಿಯೂ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಆಗುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದಿದೆಯೇ ನೋಡಿರಿ. ಟಫನ್ಡ್ ಗಾಜಿನ ಮುಖ ಬಲವಾದದ್ದು, ಅಂಚೂ ಮೂಲೆಯೂ ದುರ್ಬಲ. ಮೂಲೆಯನ್ನು ಟೈಲ್ಸಿಗೆ ತಾಗಿಸಿದರೆ ಸಾಕು, ಇಡೀ ಹಲಗೆ ಉದುರೀತು. ಹೊರುವಾಗ ನಿಲ್ಲಿಸಿ ಹೊರಬೇಕು, ಮಲಗಿಸಿ ಹೊರಬಾರದು. ಇಡುವಾಗ ಮರದ ತುಂಡು ಇಲ್ಲವೆ ರಬ್ಬರಿನ ಮೇಲೆ ಇಟ್ಟು ಗೋಡೆಗೆ ಒರಗಿಸಬೇಕು. ಕೈಗವಸು, ಕಾಲಿಗೆ ಮುಚ್ಚಿದ ಚಪ್ಪಲಿ, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಗಾಜು ಮುಟ್ಟಬಾರದು.

ಪಿವಟ್ ಬಿಜಾಗರಿಯಲ್ಲಿ ಮೇಲಿನ ಕೀಲೂ ಕೆಳಗಿನ ಕೀಲೂ ಒಂದೇ ಗುಂಡಿನ ನೂಲಿನ ಮೇಲೆ ನಿಲ್ಲಬೇಕು. ಗೋಡೆ ಹೇಗಾದರೂ ವಾಲಲಿ, ಕೀಲುಗಳಿಗೆ ಗುಂಡೇ ಪ್ರಮಾಣ. ಗೋಡೆಯನ್ನು ನೋಡಿ ಕೀಲಿಟ್ಟರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಅಥವಾ ತಾನಾಗಿ ಬಡಿದುಕೊಳ್ಳುತ್ತದೆ. ಮೊದಲು ಮೇಲಿನ ಕೀಲಿನ ಜಾಗ ಗುರುತಿಸಿ, ಅಲ್ಲಿಂದ ಗುಂಡು ಬಿಟ್ಟು ಕೆಳಗಿನದನ್ನು ಗುರುತಿಸಿರಿ. ಎರಡು ಕೀಲುಗಳನ್ನೂ ಕೂರಿಸಿ, ಕೆಳಗೆ 3 ಮಿಲಿಮೀಟರ್ ದಪ್ಪದ ರಟ್ಟಿನ ಚೂರುಗಳನ್ನಿಟ್ಟು, ಅದರ ಮೇಲೆ ಗಾಜನ್ನು ನಿಲ್ಲಿಸಿರಿ. ಲೋಹಕ್ಕೂ ಗಾಜಿಗೂ ನಡುವೆ ರಬ್ಬರ್ ಇಲ್ಲವೆ ಪ್ಲಾಸ್ಟಿಕ್ ವಾಶರ್ ಇರಲೇಬೇಕು. ಲೋಹ ನೇರವಾಗಿ ಗಾಜನ್ನು ಒತ್ತಬಾರದು. ಸ್ಕ್ರೂವನ್ನು ಕೈಯಿಂದಲೇ ಬಿಗಿಯಿರಿ, ಬಲ ಹಾಕಬೇಡಿ. ರಟ್ಟು ತೆಗೆದು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಸಂದು ನೋಡಿ, ಮತ್ತೊಮ್ಮೆ ಬಿಗಿಯಿರಿ. ಅಯಸ್ಕಾಂತದ ಹಿಡಿಯನ್ನು ಕೊನೆಗೆ ಹಾಕಿರಿ.

ಉಪ್ಪು ಗಾಳಿಯ ನಮ್ಮ ಕಡಲ ಬದಿಯಲ್ಲಿ ಹೊಳಪು ಲೇಪದ ಕಬ್ಬಿಣದ ಬಿಜಾಗರಿ ಬಹಳ ಕಾಲ ನಿಲ್ಲದು. ಹಿತ್ತಾಳೆ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿರಿ. ಬಾಯಿಗೆ ಮರದ ಪಟ್ಟಿ ಇದ್ದರೆ ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಗಾಜು ಉಬ್ಬದು. ಏಪ್ರಿಲಿನಲ್ಲಿ ಅಳತೆ ತೆಗೆದವರು ಜುಲೈಯನ್ನು ಮನಸ್ಸಿನಲ್ಲಿಟ್ಟು ಆ ಬದಿಗೆ ಇನ್ನೊಂದು ಮಿಲಿಮೀಟರ್ ಬಿಡಬೇಕು.

ನಷ್ಟ ಯಾರದು

ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬಂದೆವು. ಹಲಗೆ ಹೊಂದಲಿಲ್ಲ ಅಥವಾ ಒಡೆಯಿತು. ಹಣ ಯಾರು ಕೊಡಬೇಕು? ನಮ್ಮ ಕಡೆ ನಡೆಯುವುದು ಎಲ್ಲರಿಗೂ ಗೊತ್ತು. ಕೂರಿಸಿದವನ ಕೂಲಿಯಲ್ಲಿ ಹಿಡಿಯುತ್ತಾರೆ. ನಮ್ಮ ಜೊತೆ ಕೆಲಸಕ್ಕೆ ಬರುವ ಒಬ್ಬ ಹುಡುಗನಿಗೆ ಹಾಗೆಯೇ ಆಯಿತು. ಸಾರಣೆ ಆಗುವ ಮೊದಲೇ ಗುತ್ತಿಗೆದಾರರೊಬ್ಬರು ತಾವೇ ಅಳತೆ ಕಳುಹಿಸಿದ್ದರು. ಗಾಜು ಬಂದಾಗ ಹೊಂದಲಿಲ್ಲ. ಹುಡುಗನ ಮೂರು ದಿನದ ಕೂಲಿ ಹೋಯಿತು. ಅಳತೆ ಯಾರದೆಂದು ತೋರಿಸಲು ಅವನ ಕೈಯಲ್ಲಿ ಕಾಗದವಿರಲಿಲ್ಲ. ಬಾಯಿಮಾತು ಇತ್ತು. ಬಾಯಿಮಾತು ಬಲಿಷ್ಠನ ಕಡೆಗೆ ವಾಲುತ್ತದೆ, ಓರೆ ಗೋಡೆಯ ಬಾಗಿಲಿನಂತೆ.

ನ್ಯಾಯ ಏನೆಂದು ನೋಡೋಣ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಒಂದು ನಿಯಮವಿತ್ತು. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ನೇರವಾಗಿ ಅವನ ಅಲಕ್ಷ್ಯದಿಂದಲೇ ಹಾಳಾಗಿದ್ದರೆ ಮಾತ್ರ ಕಡಿತ ಮಾಡಬಹುದು. ಆ ಕಡಿತ ನಷ್ಟದ ಮೊತ್ತವನ್ನು ಮೀರಬಾರದು. ಅದಕ್ಕೂ ಮೊದಲು ಅವನ ಮಾತು ಕೇಳಬೇಕು. 2019ರ ವೇತನ ಸಂಹಿತೆಯಲ್ಲಿಯೂ ಇದೇ ತತ್ವವಿದೆ. ಸಣ್ಣ ಗುತ್ತಿಗೆಯ ಕೆಲಸದಲ್ಲಿ ಕಾಯ್ದೆಯ ಕೈ ಎಷ್ಟು ದೂರ ಚಾಚುತ್ತದೆ ಎಂಬುದು ಬೇರೆ ಮಾತು. ಆದರೆ ಕೇಳದೆ ಹಿಡಿಯುವುದು ನ್ಯಾಯವಲ್ಲ ಎಂಬುದನ್ನು ದೇಶದ ಕಾನೂನೇ ಒಪ್ಪಿದೆ. ಇದನ್ನು ನೀವು ಧೈರ್ಯವಾಗಿ ಹೇಳಬಹುದು.

ಇನ್ನೊಂದು ಸಂಗತಿ. ಟಫನ್ಡ್ ಗಾಜು ಅಪರೂಪಕ್ಕೆ ಯಾರೂ ಮುಟ್ಟದೆಯೇ ಒಡೆಯುತ್ತದೆ. ಗಾಜು ಕರಗಿಸುವಾಗ ಒಳಗೆ ಸೇರಿದ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ವರ್ಷಗಳ ಮೇಲೆ ನಿಧಾನವಾಗಿ ಹಿಗ್ಗಿ ಹೀಗೆ ಆಗಬಹುದು. ಅಂಚಿಗೆ ಮೊದಲೇ ಬಿದ್ದ ಪೆಟ್ಟು ತಿಂಗಳುಗಳ ಮೇಲೆ ಫಲ ಕೊಡುವುದೂ ಉಂಟು. ಒರೆಸುತ್ತಿದ್ದ ಸಹೋದರಿಯ ಕೈಯಲ್ಲಿ ಬಾಗಿಲು ಉದುರಿದರೆ ಅವಳೇ ಒಡೆದಳೆಂದು ತೀರ್ಮಾನಿಸುವುದು ಅನ್ಯಾಯ. ಮನೆಯ ಯಜಮಾನರಿಗೆ ಇದನ್ನು ತಿಳಿಸುವ ಜವಾಬ್ದಾರಿ ಗಾಜಿನವರಾದ ನಮ್ಮದು. ಗೊತ್ತಿದ್ದೂ ಸುಮ್ಮನಿದ್ದರೆ ಅವಳ ಕೂಲಿ ಹಿಡಿದವರ ಜೊತೆ ನಾವೂ ಸೇರಿದಂತೆ.

ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ಅಳತೆ, ತೂಕ, ತಕ್ಕಡಿಗಳು ನ್ಯಾಯವಾಗಿರಬೇಕೆಂಬ ಮಾತೂ ಇದೆ. ಅಳತೆಯ ನ್ಯಾಯವನ್ನೂ ಕೂಲಿಯ ನ್ಯಾಯವನ್ನೂ ಸತ್ಯವೇದ ಒಂದೇ ಅಧ್ಯಾಯದಲ್ಲಿ ಇಟ್ಟಿದೆ. ನಮ್ಮ ಕಸುಬಿನಲ್ಲಿಯೂ ಅವು ಬೇರೆ ಬೇರೆಯಲ್ಲ. ನಮ್ಮ ಅಳತೆ ಸಡಿಲವಾಗಿದ್ದರೆ ಕೂಲಿಯ ನ್ಯಾಯ ಕೇಳಲು ಬಾಯಿ ಬರುವುದಿಲ್ಲ. ಅಳತೆ ನೇರವಾಗಿದ್ದು, ಅದು ಕಾಗದದ ಮೇಲಿದ್ದರೆ, ಯಾರ ಎದುರಿಗೂ ತಲೆಯೆತ್ತಿ ನಿಲ್ಲಬಹುದು.

ಆದುದರಿಂದ ಈ ಕೂಟ ಮೂರು ವಿಷಯಗಳನ್ನು ಒಪ್ಪಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಒಂದು, ಗಾಜಿನ ಕೆಲಸದ ಪ್ರತಿಯೊಬ್ಬರೂ ಅಳತೆಯ ಪುಸ್ತಕ ಇಡಬೇಕು. ತಾರೀಕು, ಗೋಡೆಯ ಸ್ಥಿತಿ, ಆರು ಅಂಕಿ, ಎರಡು ಅಡ್ಡ ಅಳತೆ, ಅಳೆದವರ ಹೆಸರು, ಮನೆಯವರ ಅಥವಾ ಗುತ್ತಿಗೆದಾರರ ರುಜು ಅದರಲ್ಲಿರಬೇಕು. ಅಳತೆ ಕೊಟ್ಟವರೇ ಅಳತೆಯ ನಷ್ಟ ಹೊರಬೇಕು. ನಾವು ಕೊಟ್ಟದ್ದು ತಪ್ಪಿದರೆ ನಾವು, ಅವರು ಕೊಟ್ಟದ್ದು ತಪ್ಪಿದರೆ ಅವರು. ಎರಡು, ಸಾರಣೆ ಮುಗಿಯದ ಗೋಡೆಗೆ ನಮ್ಮಲ್ಲಿ ಯಾರೂ ಅಳತೆ ಕೊಡಬಾರದು. ಒಬ್ಬನು ಒಲ್ಲೆನೆಂದಾಗ ಇನ್ನೊಬ್ಬನು ಹೋಗಿ ಕೊಟ್ಟರೆ ಈ ನಿಯಮಕ್ಕೆ ಬೆಲೆಯಿಲ್ಲ. ಮೂರು, ಕಲಿಯಲು ಬರುವ ಹುಡುಗರಿಗೆ ಟೇಪು ಕೊಡುವ ಮೊದಲು ಕೈಗವಸು ಕೊಡಬೇಕು.

ಯೇಸುಸ್ವಾಮಿಯನ್ನು ಊರಿನವರು ಬಡಗಿ ಎಂದು ಕರೆದರೆಂದು ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಅವರು ಅದನ್ನು ಹೀಯಾಳಿಸಿ ಹೇಳಿದರು. ಕೈಕಸುಬಿನವರಾದ ನಮಗೆ ಅದು ಗೌರವದ ಹೆಸರು. ಆ ಬಡಗಿಯ ಹೆಸರನ್ನು ಹೊತ್ತ ನಾವು ಕೂರಿಸಿದ ಬಾಗಿಲು ಮಗುವಿನ ತಲೆಯ ಮೇಲೆ ಬೀಳದಿರಲಿ, ನಮ್ಮ ಜೊತೆಯವರ ಕೂಲಿಯನ್ನು ನುಂಗದಿರಲಿ. ಅಳತೆಯ ಪುಸ್ತಕದ ಮಾದರಿ ಹಾಳೆಯನ್ನು ಬರೆದು ತಂದಿದ್ದೇವೆ. ಬೇಕಾದವರು ಹೋಗುವಾಗ ತೆಗೆದುಕೊಂಡು ಹೋಗಬಹುದು.